ಇಂಗ್ಲಿಷಿನ ‘ಟು’ ಎಂಬ ಕಿರುನುಡಿ

ನಮ್ಮ ಬಂಧುವರ್ಗದ ವೃದ್ಧೆಯೊಬ್ಬರು ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅವರಿಗೆ ರಕ್ತದ ಒತ್ತಡದ ವ್ಯಾಧಿಯುಂಟು. ಅಲ್ಲಿಗೆ ಹೋದ ವಾರದಲ್ಲಿಯೇ ತಲೆ ಸುತ್ತು ಕಾಣಿಸಲು, ಮಗಳು ಅವರನ್ನು ವೈದ್ಯರಲ್ಲಿಗೆ ಕರೆದೊಯ್ದಳು. ಅಳುವ ಕೂಸನ್ನು ಸಮಾಧಾನಪಡಿಸುತ್ತ ಅವಳು ಹೊರಗಿನ ಕೋಣೆಯಲ್ಲಿ ಉಳಿದಳು. ತಾಯಿ ಒಬ್ಬರೇ ಒಳಗೆ ಹೋದರು. ವೈದ್ಯರು ಒತ್ತಡವನ್ನು ಅಳೆದು, ಅದು ಬಹಳ ಏರಿರುವುದನ್ನು ಕಂಡು, ಪ್ರಯಾಣ ಕಾಲದಲ್ಲಿ ಮಾತ್ರೆಗಳನ್ನು ಏನು ಮಾಡಿದಿರಿ ಎಂದು ವಿಚಾರಿಸಿದರು. ನಮ್ಮ ವೃದ್ಧೆಯು, “ಐ ಸ್ಟಾಪ್ಡ್ ಟು ಟೇಕ್ ದ ಟ್ಯಾಬ್ಲೆಟ್ಸ್” ಎಂದರು. ‘ಮಾತ್ರೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ’ ಎಂಬುದು ಅವರ ತಾತ್ಪರ್ಯ. ವೈದ್ಯರಿಗೆ ಕೇಳಿಸಿದುದಾದರೋ, ‘ಮಾತ್ರೆ ತೆಗೆದುಕೊಳ್ಳುವುದಕ್ಕಾಗಿ ಅಲ್ಲಲ್ಲಿ ನಿಂತೆ’ ಎಂದು! ತಪ್ಪದೆ ನುಂಗಿಯೂ ಒತ್ತಡವು ಇಳಿಯಲಿಲ್ಲವಲ್ಲಾ ಎಂದುಕೊಂಡು ಅವರು ಔಷಧದ ಪ್ರಮಾಣವನ್ನು ಹೆಚ್ಚಿಸಿ ಬರೆದುಕೊಟ್ಟರು. ಪುಣ್ಯವಶಾತ್ ಮಗಳು ಚೀಟಿಯನ್ನು ಓದಿ ಸಂಶಯಪಟ್ಟು, ತಾಯಿಯನ್ನು ಕನ್ನಡದಲ್ಲಿ ಕೇಳಿ, ಕೂಡಲೆ ಒಳಗೆ ಹೋಗಿ ವಿಷಯವನ್ನು ತಿಳಿಸಿದಳು.

ಇಷ್ಟಕ್ಕೂ ಆ ವೃದ್ಧೆಯ ತಪ್ಪೇನು? ‘ಸ್ಟಾಪ್ಡ್ ಟೇಕಿಂಗ್’ ಎನ್ನಬೇಕಾದಲ್ಲಿ ‘ಸ್ಟಾಪ್ಡ್ ಟು ಟೇಕ್’ ಎಂದರು, ಅಷ್ಟೆ. ಶಬ್ದಗಳೆಲ್ಲವೂ ಸರಿಯಾಗಿಯೇ ಇದ್ದುವು. ಆದರೆ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯೆ ಬಂದಾಗ, ನಡುವೆ ‘ಟು’ ಸೇರಬೇಕೋ, ಕೊನೆಯಲ್ಲಿ ‘ಇಂಗ್’ ಸೇರಬೇಕೋ, ಎರಡೂ ಬೇಡವೋ ಎಂಬುದು ಮೊದಲನೆಯ ಕ್ರಿಯಾಪದವನ್ನು ಅನುಸರಿಸಿರುತ್ತದೆ. ಕೆಲವೆಡೆಗಳಲ್ಲಿ ಅರ್ಥವೇ ಇದರಿಂದ ಬದಲಾಗುತ್ತದೆ. ಮನೆಯಲ್ಲಿ ಮಕ್ಕಳ ಪಾಠ ನೋಡುವ ತಾಯಂದಿರು ಇದನ್ನು ದೊಡ್ಡ ಕಗ್ಗಂಟೆಂದು ಹೆದರುವುದುಂಟು. ವಾಸ್ತವವಾಗಿ ಈ ಭೇದವನ್ನು ನಾವು ಕನ್ನಡದಲ್ಲಿ ದಿನವೂ ಮಾಡುತ್ತಲೇ ಇದ್ದೇವೆ.

ಮೇಲಿನ ಎರಡು ಕನ್ನಡ ವಾಕ್ಯಗಳನ್ನೇ ನೋಡಿರಿ. ‘ತೆಗೆದುಕೊಳ್ಳುವುದಕ್ಕೆ’ ಎಂಬುದು ಚತುರ್ಥೀ ವಿಭಕ್ತಿ. ‘ತೆಗೆದುಕೊಳ್ಳುವುದನ್ನು’ ಎಂಬುದು ದ್ವಿತೀಯಾ ವಿಭಕ್ತಿ. ಇಂಗ್ಲಿಷಿನ ‘ಟು’ ಕೂಡ ಹುಟ್ಟಿನಲ್ಲಿ ನಮ್ಮ ಚತುರ್ಥಿಯ ನಂಟನೇ. ಸುಮಾರು 1000 ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಕುಡಿ’ ಎಂಬ ಧಾತುವಿಗೆ ‘ಡ್ರಿಂಕನ್’ ಎಂಬ ರೂಪವಿದ್ದಿತು; ‘ಕುಡಿಯುವುದಕ್ಕೆ’ ಎನ್ನಬೇಕಾದರೆ ‘ಟೋ ಡ್ರಿಂಕೆನ್ನೆ’ ಎನ್ನುತ್ತಿದ್ದರು. ‘ಟೋ’ ಎಂದರೆ ‘ಕಡೆಗೆ’. ಕಾಲಕ್ರಮದಲ್ಲಿ ಬಾಲದ ಪ್ರತ್ಯಯಗಳು ಸವೆದುಹೋಗಿ, ಮುಂದಿನ ‘ಟು’ ಮಾತ್ರ ಉಳಿಯಿತು. ಆದುದರಿಂದಲೇ ಇಂದಿಗೂ ಅದರಲ್ಲಿ ‘ಮುಂದಕ್ಕೆ, ಇನ್ನು ಮಾಡಬೇಕಾದುದರ ಕಡೆಗೆ’ ಎಂಬ ಧ್ವನಿಯುಂಟು. ಬಯಸುವ ‘ವಾಂಟ್’, ಆಶಿಸುವ ‘ಹೋಪ್’, ನಿಶ್ಚಯಿಸುವ ‘ಡಿಸೈಡ್’, ಒಪ್ಪುವ ‘ಅಗ್ರೀ’, ನಿರಾಕರಿಸುವ ‘ರೆಫ್ಯೂಸ್’ ಇವೆಲ್ಲವೂ ‘ಟು’ವನ್ನೇ ಬೇಡುತ್ತವೆ, ಏಕೆಂದರೆ ಬಯಸುವ ಕಾಲಕ್ಕೆ ಬಯಸಿದ ಕಾರ್ಯವು ಇನ್ನೂ ಮುಂದೆಯೇ ಇರುತ್ತದೆ. ಇದಕ್ಕೆ ಪ್ರತಿಯಾಗಿ, ಸವಿಯುವ ‘ಎಂಜಾಯ್’, ಮುಗಿಸುವ ‘ಫಿನಿಷ್’, ಅಲ್ಲಗಳೆಯುವ ‘ಡಿನೈ’ ಮುಂತಾದುವುಗಳಿಗೆ, ನಡೆದ ಅಥವಾ ನಡೆಯುತ್ತಿರುವ ಕಾರ್ಯವು ಕೈಯಲ್ಲಿ ಹಿಡಿದ ವಸ್ತುವಿನಂತೆ ಎದುರಿಗಿರಬೇಕು. ಅಲ್ಲಿ ‘ಇಂಗ್’ ಬರುತ್ತದೆ.

‘ರಿಮೆಂಬರ್’ ಎಂಬ ಪದದಲ್ಲಿ ಈ ಸ್ವಾರಸ್ಯವು ಇನ್ನೂ ಸ್ಪಷ್ಟವಾಗಿದೆ. ಊರಿಗೆ ಹೊರಟವರಿಗೆ ‘ರಿಮೆಂಬರ್ ಟು ಲಾಕ್ ದ ಡೋರ್’ ಎಂದರೆ, ಬಾಗಿಲಿಗೆ ಬೀಗ ಹಾಕುವುದನ್ನು ಮರೆಯಬೇಡಿ ಎಂದು. ರೈಲಿನಲ್ಲಿ ಕುಳಿತ ಮೇಲೆ ಯಜಮಾನಿತಿಯು ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎಂದರೆ, ಬೀಗ ಹಾಕಿದ್ದು ನನಗೆ ನೆನಪಿದೆ ಎಂದು. ಒಂದು ಆಗಬೇಕಾದುದು, ಇನ್ನೊಂದು ಆಗಿಹೋದುದು. ಕನ್ನಡದಲ್ಲಿ ‘ಹಾಕುವುದು’, ‘ಹಾಕಿದ್ದು’ ಎಂದು ನಾವು ಕಾಲವನ್ನೇ ಬೇರೆ ಮಾಡಿ ಹೇಳುತ್ತೇವೆ.

‘ಟ್ರೈ’ ಎಂಬುದಕ್ಕಂತೂ ನಮ್ಮ ಮಾತು ಬಹಳ ಚೆನ್ನಾಗಿ ಒದಗುತ್ತದೆ. ಕಿಟಕಿಯು ಮಳೆಗೆ ಉಬ್ಬಿ ಬಿಗಿದುಕೊಂಡಿದ್ದರೆ ‘ಟ್ರೈ ಟು ಓಪನ್ ದ ವಿಂಡೋ’, ಎಂದರೆ ‘ತೆರೆಯಲು ಪ್ರಯತ್ನಿಸು’. ಕೋಣೆಯಲ್ಲಿ ಸೆಕೆಯಾಗಿ, ಏನು ಮಾಡಲಿ ಎಂದು ಕೇಳಿದವನಿಗೆ ‘ಟ್ರೈ ಓಪನಿಂಗ್ ದ ವಿಂಡೋ’, ಎಂದರೆ ‘ಕಿಟಕಿಯನ್ನು ತೆರೆದು ನೋಡು’. ಮೊದಲನೆಯದರಲ್ಲಿ ತೆರೆಯುವುದೇ ಕಷ್ಟ. ಎರಡನೆಯದರಲ್ಲಿ ತೆರೆಯುವುದು ಸುಲಭ, ಫಲ ಮಾತ್ರ ಸಂದಿಗ್ಧ.

ಕಾರ್ಯವನ್ನು ಮಾಡತಕ್ಕವರು ಯಾರು ಎಂಬುದೂ ವಿಚಾರಣೀಯವೇ. ‘ಐ ಆಸ್ಕ್ಡ್ ಹರ್ ಟು ಕಮ್’ ಎಂದರೆ ಬರಬೇಕಾದವಳು ಅವಳು. ‘ಐ ಪ್ರಾಮಿಸ್ಡ್ ಹರ್ ಟು ಕಮ್’ ಎಂದರೆ ಬರಬೇಕಾದವನು ನಾನು! ಎರಡು ವಾಕ್ಯಗಳ ಕಟ್ಟು ಒಂದೇ. ಭೇದವೆಲ್ಲವೂ ಮೊದಲ ಕ್ರಿಯಾಪದದ ಹೊಟ್ಟೆಯಲ್ಲಿ ಅಡಗಿದೆ. ಕನ್ನಡವು ಇಷ್ಟು ಗೂಢವಾಗಿ ಮಾತನಾಡುವುದಿಲ್ಲ. ‘ಬರಬೇಕೆಂದು ಕೇಳಿಕೊಂಡೆ’, ‘ಬರುತ್ತೇನೆಂದು ಮಾತು ಕೊಟ್ಟೆ’ ಎಂದು ಬಿಡಿಸಿಯೇ ಹೇಳುತ್ತದೆ. ಮಕ್ಕಳು ತಡವರಿಸಿದಾಗ ವಾಕ್ಯವನ್ನು ಹೀಗೆ ಕನ್ನಡಿಸಿ ತೋರಿಸಿದರೆ ಕ್ಷಣದಲ್ಲಿ ಗ್ರಹಿಸುವರು.

ಆದರೆ ಕನ್ನಡದ ಕೀಲಿಕೈಯಿಂದ ಎಲ್ಲಾ ಬೀಗಗಳೂ ತೆರೆಯುವುವೆಂದು ತಿಳಿಯಬಾರದು. ‘ವೈದ್ಯರು ನನಗೆ ವಿಶ್ರಮಿಸಲು ಸೂಚಿಸಿದರು’ ಎಂಬುದನ್ನು ನಾವು ‘ಸಜೆಸ್ಟೆಡ್ ಮಿ ಟು ರೆಸ್ಟ್’ ಎಂದು ತಿರುಗಿಸಿಬಿಡುತ್ತೇವೆ. ‘ಸಜೆಸ್ಟ್’ ಎಂಬುದು ‘ಟು’ವನ್ನು ಒಪ್ಪುವುದಿಲ್ಲ. ‘ಅಡ್ವೈಸ್ಡ್ ಮಿ ಟು ರೆಸ್ಟ್’ ಎಂದರೆ ಸರಿಯಾಯಿತು. ‘ಮೇಕ್’, ‘ಲೆಟ್’ ಎಂಬುವು ‘ಟು’ ಇಲ್ಲದೆ ಬರಿಯ ಧಾತುವನ್ನೇ ಕೂಡಿಕೊಳ್ಳುತ್ತವೆ: ‘ಲೆಟ್ ಹರ್ ಗೋ’, ‘ದೇ ಮೇಡ್ ಹಿಮ್ ವೇಯ್ಟ್’. ಆದರೆ ಅದೇ ‘ಮೇಕ್’ ಕರ್ಮಣಿ ಪ್ರಯೋಗಕ್ಕೆ ತಿರುಗಿದೊಡನೆ ‘ಹಿ ವಾಸ್ ಮೇಡ್ ಟು ವೇಯ್ಟ್’ ಎಂದು ‘ಟು’ ಮರಳಿ ಬರುತ್ತದೆ.

ಇನ್ನೊಂದು ಮೋಸದ ಸ್ಥಳವುಂಟು. ‘ಐ ಯೂಸ್ಡ್ ಟು ಕುಕ್ ಫಾರ್ ಟ್ವೆಂಟಿ’ ಎಂದರೆ, ಹಿಂದೆ 20 ಜನರಿಗೆ ಅಡಿಗೆ ಮಾಡುತ್ತಿದ್ದೆ, ಈಗ ಇಲ್ಲ ಎಂದು. ‘ಐ ಆಮ್ ಯೂಸ್ಡ್ ಟು ಕುಕಿಂಗ್ ಫಾರ್ ಟ್ವೆಂಟಿ’ ಎಂದರೆ, ಅಷ್ಟು ಜನರಿಗೆ ಮಾಡಿ ನನಗೆ ರೂಢಿಯಾಗಿದೆ ಎಂದು. ಎರಡನೆಯದರ ‘ಟು’ ನಾಮಪದದ ಹಿಂದೆ ಬರುವ ಸಾಧಾರಣ ‘ಟು’. ಆದುದರಿಂದಲೇ ಮುಂದೆ ‘ಇಂಗ್’ ಬಂದಿದೆ. ಕಾಗದದ ಕೊನೆಯಲ್ಲಿ ಬರೆಯುವ ‘ಲುಕ್ ಫಾರ್ವರ್ಡ್ ಟು ಸೀಯಿಂಗ್ ಯೂ’ ಎಂಬುದೂ ಇದೇ ಜಾತಿಯದು. ಅಡಿಗೆಯ ಕೆಲಸಕ್ಕೆ ಅರ್ಜಿ ಬರೆಯುವವರು ಇವೆರಡನ್ನು ಅದಲುಬದಲು ಮಾಡಿದರೆ, ಬಲ್ಲ ವಿದ್ಯೆಯನ್ನೇ ಬಿಟ್ಟವರೆಂದು ಎಣಿಸಲ್ಪಟ್ಟಾರು.

ಈ ತೊಡಕು ನಮಗೆ ಮಾತ್ರವಲ್ಲ. ಎ. ಎಸ್. ಹಾರ್ನ್‌ಬಿ ಎಂಬ ಆಂಗ್ಲ ಉಪಾಧ್ಯಾಯರು 1924ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಶಬ್ದದ ಅರ್ಥವನ್ನು ಬಲ್ಲ ಶಿಷ್ಯರೂ ಅದನ್ನು ವಾಕ್ಯದಲ್ಲಿ ಕೂಡಿಸಲು ಎಡವುತ್ತಿದ್ದರು. ಹಾರ್ನ್‌ಬಿಯವರು ಇಬ್ಬರು ಸಹಕಾರಿಗಳೊಡನೆ ರಚಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಅದರಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಕೂಟವನ್ನು 25 ಮಾದರಿಗಳಾಗಿ ವಿಂಗಡಿಸಿ, ಯಾವ ಪದವು ಯಾವ ಮಾದರಿಯನ್ನು ಅನುಸರಿಸುವುದೆಂದು ಸೂಚಿಸಿದ್ದರು. ಅದೇ ಗ್ರಂಥವು 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಟು, ಇಂದು ನಮ್ಮ ಎಷ್ಟೋ ಮನೆಗಳಲ್ಲಿರುವ ವಿದ್ಯಾರ್ಥಿ ನಿಘಂಟಿಗೆ ಮೂಲವಾಯಿತು. ಅಂತಹ ನಿಘಂಟು ಮನೆಯಲ್ಲಿದ್ದರೆ, ಅರ್ಥವನ್ನು ನೋಡಿ ಮುಚ್ಚಿಡದೆ, ಕೆಳಗಿನ ಉದಾಹರಣ ವಾಕ್ಯವನ್ನೂ ಗಟ್ಟಿಯಾಗಿ ಓದಿಸತಕ್ಕದ್ದು.

ಉದ್ದವಾದ ಪಟ್ಟಿಗಳನ್ನು ಉರುಹಾಕಿಸುವುದರಿಂದ ಮಕ್ಕಳಿಗೆ ಬೇಸರವೇ ಹೆಚ್ಚು. ದಿನಕ್ಕೆ ಒಂದೇ ಕ್ರಿಯಾಪದವನ್ನು ತೆಗೆದುಕೊಂಡು, ಮನೆಯ ಬೀಗ, ಅಡಿಗೆ, ಔಷಧ, ಕಾಗದ ಇವುಗಳನ್ನೇ ವಿಷಯವಾಗಿಟ್ಟು ಎರಡು ವಾಕ್ಯಗಳನ್ನು ಹೇಳಿಸಿರಿ. ಪ್ರತಿಯೊಂದಕ್ಕೂ ಕನ್ನಡದಲ್ಲಿ ಅರ್ಥವನ್ನು ಕೇಳಿರಿ. ಪರಸ್ಥಳಕ್ಕೆ ಹೊರಟ ಹಿರಿಯರಿದ್ದರೆ ಅವರಿಗೂ ಕಲಿಸಿರಿ. ನಮ್ಮ ವೃದ್ಧೆಯಂತೂ ಊರಿಗೆ ಹಿಂದಿರುಗಿದ ಮೇಲೆ ಮೊಮ್ಮಕ್ಕಳಿಗೆ ಮೊದಲು ಹೇಳಿಕೊಟ್ಟ ಪಾಠವೇ ‘ಸ್ಟಾಪ್ಡ್ ಟೇಕಿಂಗ್’ ಎಂಬುದು. ಮಾತ್ರೆಗಳನ್ನು ಈಗ ಅವರು ಒಂದು ದಿನವೂ ನಿಲ್ಲಿಸುವುದಿಲ್ಲ.