ನಾಲಿಗೆಯಡಿಯ ಮಾತ್ರೆ

ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತುವ ಮುಂಚೆ ಅಪ್ಪ ಅಂಗಿಯ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಒಳಗೆ ಸಾರ್ಬಿಟ್ರೇಟ್ ಮಾತ್ರೆ. ಎದೆ ಹಿಡಿದಾಗ ನಾಲಿಗೆಯಡಿ ಇಟ್ಟರೆ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತಿತ್ತು.

ಇದೇ ಗುಂಪಿನ ಹಳೆಯ ಔಷಧ ನೈಟ್ರೋಗ್ಲಿಸರಿನ್. ಡೈನಮೈಟಿನಲ್ಲಿರುವುದೂ ಅದೇ! 1896ರಲ್ಲಿ ವೈದ್ಯರು ಡೈನಮೈಟಿನ ಜನಕ ಆಲ್ಫ್ರೆಡ್ ನೊಬೆಲ್‌ಗೇ ಅದನ್ನು ಬರೆದುಕೊಟ್ಟಾಗ, ಇದೆಂಥ ವಿಧಿಯಾಟ ಎಂದು ಆತ ಪತ್ರ ಬರೆದ. ಅದು ಕೆಲಸ ಮಾಡುವ ಬಗೆ ಆಗ ಯಾರಿಗೂ ತಿಳಿದಿರಲಿಲ್ಲ.

1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳನ್ನು ಪರೀಕ್ಷಿಸಿದರು. ಸಡಿಲಗೊಳಿಸುವ ರಾಸಾಯನಿಕ ಹಾಕಿದರೂ, ಒಳಪದರ ಉಜ್ಜಿಹೋಗಿದ್ದ ತುಂಡು ಸಡಿಲವಾಗಲಿಲ್ಲ. ಅಂದರೆ ಒಂದೇ ಜೀವಕೋಶದಷ್ಟು ತೆಳುವಾದ ಆ ಪದರವೇ ಸ್ನಾಯುವಿಗೆ ಸಂದೇಶ ಕಳಿಸುತ್ತಿತ್ತು. ಆ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಅದರ ಆಯುಸ್ಸು ಕೆಲವು ಸೆಕೆಂಡು ಮಾತ್ರ. ಮಾತ್ರೆಯಿಂದ ಸಿಗುವುದೂ ಅದೇ. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಹುಮಾನ ಬಂತು.

ಆರೋಗ್ಯವಾಗಿರುವ ನಾಳ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬಿರುಸಾಗಿ ನಡೆದಾಗ ರಕ್ತ ಒಳಗೋಡೆಯನ್ನು ಜೋರಾಗಿ ಸವರುವುದರಿಂದ ಇನ್ನೂ ಹೆಚ್ಚು. ಸಿಗರೇಟು, ಸಕ್ಕರೆ ಕಾಯಿಲೆ ಆ ಪದರವನ್ನೇ ಕೆಡಿಸುತ್ತವೆ. ಪಾಲಕ್, ಬೀಟ್‌ರೂಟುಗಳಲ್ಲಿರುವ ನೈಟ್ರೇಟನ್ನು ನಮ್ಮ ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ. ದೇಹ ಅದರಿಂದಲೂ ಈ ಅನಿಲ ಪಡೆಯುತ್ತದೆ. ಸೊಪ್ಪಿನ ಹುಳಿ ಬರೀ ರುಚಿಗಲ್ಲ.

ವಯಾಗ್ರಾದಂಥ ಮಾತ್ರೆಗಳು ಇದೇ ಅನಿಲದ ಪರಿಣಾಮವನ್ನು ಹೆಚ್ಚಿಸುತ್ತವೆ. ಎದೆನೋವಿನ ಮಾತ್ರೆಯೊಂದಿಗೆ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ನಾಚಿಕೆಪಟ್ಟು ವೈದ್ಯರಿಂದ ಮುಚ್ಚಿಡಬೇಡಿ.

“ಮಾತ್ರೆಯನ್ನು ಕೂತುಕೊಂಡೇ ಹಾಕಿಕೊಳ್ಳಿ, ತಲೆಸುತ್ತು ಬರಬಹುದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಸೀದಾ ಆಸ್ಪತ್ರೆಗೆ ಹೋಗಿ” ಎಂದಿದ್ದರು ಡಾಕ್ಟರು. ಸಂಜೆ ಆರಕ್ಕೆ ದಾದರ್‌ನಲ್ಲಿ ಕೂರಲು ಜಾಗ ಎಲ್ಲಿದೆ ಸ್ವಾಮಿ, ಎಂದು ಕೇಳಿದ್ದರು ಅಪ್ಪ.