ರೆಪ್ಪೆ ಮಗುಚಿ ನೋಡಿದರೆ ಕಾಣುವ ಕಲೆ

ಆಷಾಢದ ಗಾಳಿ ಎದ್ದರೆ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯ ಲೈನ್ ಮನೆಗಳಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿದರೂ ಸೈನೈಡ್ ಗುಡ್ಡದ ಧೂಳು ಒಳಗೆ ಬರುತ್ತದೆ. ಚಿನ್ನ ಬಸಿದುಕೊಂಡ ಮೇಲೆ ಉಳಿದ ಕಲ್ಲಿನ ಹಿಟ್ಟು ಅದು. ಕೋಲಾರ ಚಿನ್ನದ ಗಣಿಯ (ಕೆಜಿಎಫ್) 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಬಿದ್ದಿದೆ. ಕಣ್ಣು ಕೆಂಪಾದರೆ, ನೀರು ಸುರಿದರೆ ಎಲ್ಲರೂ ಗುಡ್ಡದ ಕಡೆ ಬೆರಳು ತೋರುತ್ತಾರೆ. ಬಹಳ ಸಲ ಅದು ಸರಿಯೇ. ಆದರೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ‘ಕಣ್ಣು ಚುಚ್ಚುತ್ತೆ’ ಎಂದರೆ ಧೂಳಿನ ಮಾತಿಗೇ ನಿಲ್ಲಬಾರದು. ಚುಚ್ಚುತ್ತಿರುವುದು ಅವರದೇ ರೆಪ್ಪೆಗೂದಲು ಇರಬಹುದು.

ಒಳಮುಖವಾಗಿ ತಿರುಗಿದ ರೆಪ್ಪೆಗೂದಲು ಕಣ್ಣುಗುಡ್ಡೆಗೆ ತಾಗುವ ತೊಂದರೆಗೆ ವೈದ್ಯರು ಟ್ರಿಕಿಯಾಸಿಸ್ ಎನ್ನುತ್ತಾರೆ. ನಾವು ನಿಮಿಷಕ್ಕೆ ಹತ್ತು ಹದಿನೈದು ಸಲ ರೆಪ್ಪೆ ಬಡಿಯುತ್ತೇವೆ. ಪ್ರತಿ ಬಡಿತಕ್ಕೂ ಆ ಕೂದಲು ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು ಗೀರುತ್ತದೆ. ಗೀರಿದಲ್ಲಿ ಹುಣ್ಣು, ಹುಣ್ಣು ಮಾಗಿದಲ್ಲಿ ಬಿಳಿ ಕಲೆ. ಆ ಕಲೆ ದೃಷ್ಟಿಯ ದಾರಿಗೆ ಅಡ್ಡ ಬಂದರೆ ಮತ್ತೆ ಬೆಳಕು ಬರುವುದು ಕಷ್ಟ. ವಯಸ್ಸಿನಿಂದ ರೆಪ್ಪೆ ಸಡಿಲವಾಗಿ ಒಳಕ್ಕೆ ಮಡಚಿಕೊಂಡರೂ, ರೆಪ್ಪೆಯಂಚಿನ ಹಳೆಯ ಉರಿಯೂತದಿಂದಲೂ ಹೀಗಾಗುತ್ತದೆ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಈ ದಾರಿಯಲ್ಲಿ ಕುರುಡಾಗಿಸಿದ್ದು ಟ್ರಕೋಮ.

ಟ್ರಕೋಮ ಮಕ್ಕಳಿಗೆ ಹತ್ತುವ ಸೋಂಕು. ಕ್ಲಮೈಡಿಯ ಟ್ರಕೋಮಾಟಿಸ್ ಎಂಬ ಬ್ಯಾಕ್ಟೀರಿಯ ಅದರ ಮೂಲ. ಗೀಜು ಒರೆಸಿದ ಬೆರಳು, ಅಮ್ಮನ ಸೆರಗು, ಎಲ್ಲರ ಮುಖಕ್ಕೂ ಒಂದೇ ಟವೆಲ್, ಕಣ್ಣಿಂದ ಕಣ್ಣಿಗೆ ಹಾರಿ ಕೂರುವ ನೊಣ: ಇಷ್ಟು ಸಾಕು ಅದು ಹರಡಲು. ಒಮ್ಮೆ ಬಂದು ಹೋದರೆ ದೊಡ್ಡ ಹಾನಿಯಿಲ್ಲ. ಬಾಲ್ಯದುದ್ದಕ್ಕೂ ಮತ್ತೆ ಮತ್ತೆ ಬಂದರೆ ಮೇಲ್ರೆಪ್ಪೆಯ ಒಳಮೈಯಲ್ಲಿ ಗಾಯದ ಕಲೆ ಕಟ್ಟುತ್ತದೆ. ಆ ಕಲೆ ವರ್ಷಗಟ್ಟಲೆ ಬಿಗಿಯುತ್ತಾ ರೆಪ್ಪೆಯಂಚನ್ನೇ ಒಳಕ್ಕೆ ಎಳೆಯುತ್ತದೆ. ಐದನೇ ವಯಸ್ಸಿನಲ್ಲಿ ಬಂದ ಸೋಂಕು ಐವತ್ತರಲ್ಲಿ ಕಣ್ಣು ಚುಚ್ಚುವುದು ಹೀಗೆ. ಮಕ್ಕಳನ್ನು ಸದಾ ಸೊಂಟದ ಮೇಲೆ ಹೊತ್ತವರು ಹೆಂಗಸರಾದ್ದರಿಂದ ಕುರುಡಾದವರಲ್ಲಿ ಗಂಡಸರಿಗಿಂತ ಅವರೇ ಎಷ್ಟೋ ಪಾಲು ಹೆಚ್ಚು. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಟ್ರಕೋಮದ ಹಾವಳಿ ಹೆಚ್ಚಿದ್ದುದು ಪಂಜಾಬ್, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶ, ಗುಜರಾತ್‌ಗಳಲ್ಲಿ. ಕೋಲಾರದ ಸೀಮೆ ಆ ಸಾಲಿನದಲ್ಲ. ಆದರೂ ರೋಗಕ್ಕೆ ಬೇಕಾದ ಇಕ್ಕಟ್ಟು ಇಲ್ಲಿ ಧಾರಾಳವಾಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ಮದ್ರಾಸ್ ಪ್ರಾಂತ್ಯದಿಂದ ಬಂದ ಕೂಲಿಗಳಿಗೆ ಸಿಕ್ಕಿದ್ದು ಬಿದಿರುತಟ್ಟಿಯ ಗುಡಿಸಲು. ಒಂದು ಕೋಣೆಯಲ್ಲಿ ಇಡೀ ಸಂಸಾರ, ಸಾಲಿಗೊಂದು ಬೀದಿ ನಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕಣ್ಣಿನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು, ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಕೊಳವೆಯಲ್ಲಿ ಬಂದ ನೀರು. ಆ್ಯಂಟಿಬಯಾಟಿಕ್ ಹುಟ್ಟುವ ಮೊದಲೇ ಯುರೋಪಿನ ಬಹುಭಾಗದಲ್ಲಿ ಟ್ರಕೋಮ ಇಳಿಯತೊಡಗಿತ್ತು. ಅಲ್ಲಿ ಅದನ್ನು ಹಿಂದೆ ತಳ್ಳಿದ್ದು ಮನೆಗೆ ಬಂದ ನೀರು, ಮನೆಯಿಂದ ದೂರ ಹೋದ ಹೊಲಸು, ಮಲಗಲು ಸಿಕ್ಕ ಹೆಚ್ಚು ಜಾಗ.

ರೋಗ ಹಳೆಯದು, ಅದರ ಶಸ್ತ್ರವಿದ್ಯೆಯೂ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕೂದಲು ಒಳಮುಖವಾಗುವ ಪಕ್ಷ್ಮಕೋಪದ ವಿವರವಿದೆ: ಹುಬ್ಬಿನ ಕೆಳಗೆ ಜವೆಗೋಧಿ ಕಾಳಿನ ಆಕಾರದಲ್ಲಿ ಚರ್ಮ ಕತ್ತರಿಸಿ, ಕೂದಲೆಳೆಯಿಂದ ಹೊಲಿಯುವುದು. ಇಂದಿನ ವೈದ್ಯರು ಸ್ಥಳೀಯ ಅರಿವಳಿಕೆ ಕೊಟ್ಟು ರೆಪ್ಪೆಯನ್ನು ಒಳಪದರದವರೆಗೆ ಕೊಯ್ದು, ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿಯುತ್ತಾರೆ. ಮನೆಯಲ್ಲಿ ಚಿಮಟ ಹಿಡಿದು ಕೂದಲು ಕೀಳುವ ರೂಢಿಯಿದೆ. ಕಿತ್ತ ಕೂದಲು ಕೆಲವೇ ವಾರಗಳಲ್ಲಿ ಮತ್ತೆ ಬರುತ್ತದೆ. ಅರ್ಧಕ್ಕೆ ಮುರಿದುಕೊಂಡರೆ ಉಳಿದ ಮೊಂಡು ತುದಿ ಮೊದಲಿಗಿಂತ ಒರಟಾಗಿ ಗೀರುತ್ತದೆ.

1963ರಲ್ಲಿ ಭಾರತ ರಾಷ್ಟ್ರೀಯ ಟ್ರಕೋಮ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತು. 1971ರಲ್ಲಿ ದೇಶದ ಕುರುಡುತನದಲ್ಲಿ ಟ್ರಕೋಮದ ಪಾಲು ಶೇ 5. 2014ರಿಂದ 17ರವರೆಗೆ ಹೆಚ್ಚು ಅಪಾಯದ 27 ಜಿಲ್ಲೆಗಳಲ್ಲಿ ಮಕ್ಕಳ ಕಣ್ಣು ನೋಡಿದಾಗ ಸಕ್ರಿಯ ಸೋಂಕು ಶೇ 0.7ಕ್ಕೆ ಇಳಿದಿತ್ತು. 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಟ್ರಕೋಮ ಭಾರತದಲ್ಲಿ ಇಲ್ಲವಾಗಿದೆ ಎಂದು ಘೋಷಿಸಿತು. ಆಗ್ನೇಯ ಏಷ್ಯಾ ವಲಯದಲ್ಲಿ ನೇಪಾಳ, ಮ್ಯಾನ್ಮಾರ್ ನಂತರ ಮೂರನೆಯ ದೇಶ ನಮ್ಮದು. ಸಾವಿರಾರು ಆರೋಗ್ಯ ಕಾರ್ಯಕರ್ತರ ದುಡಿಮೆಯ ಫಲ ಇದು, ಸಂಭ್ರಮಿಸಲೇಬೇಕು. ಆದರೆ ಸೋಂಕು ನಿಂತ ದಿನ ಗಾಯದ ಕಲೆ ಬಿಗಿಯುವುದು ನಿಲ್ಲುವುದಿಲ್ಲ. ಎಳವೆಯಲ್ಲಿ ಸೋಂಕು ಉಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ಧೂಳಿನ ಪಾಲನ್ನೂ ಹೇಳಲೇಬೇಕು. ಧೂಳು ಟ್ರಕೋಮ ತರುವುದಿಲ್ಲ. ಅದು ಕಣ್ಣನ್ನು ಒಣಗಿಸುತ್ತದೆ, ಕೆರಳಿಸುತ್ತದೆ. ಕೆಲವು ಮಕ್ಕಳಲ್ಲಿ ಬೇಸಿಗೆ ಬೇಸಿಗೆಗೆ ಅಲರ್ಜಿಯ ತುರಿಕೆ ಮರುಕಳಿಸುತ್ತದೆ. ಬಿಸಿಲಲ್ಲಿ ದುಡಿಯುವವರಲ್ಲಿ ಬಿಳಿಗುಡ್ಡೆಯ ಮೇಲೆ ಮಾಂಸದ ಪೊರೆ ಬೆಳೆಯುತ್ತದೆ. ಎಲ್ಲದರಲ್ಲೂ ದೂರು ಹೆಚ್ಚುಕಡಿಮೆ ಒಂದೇ: ಉರಿ, ನೀರು, ಕೆಂಪು. ಅದಕ್ಕೇ ಔಷಧಿ ಅಂಗಡಿಯ ಒಂದೇ ಸ್ಟಿರಾಯ್ಡ್ ಹನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಇದು ಅಪಾಯ. ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಕಣ್ಣಿನೊತ್ತಡ ಏರಿ ನರವೇ ಸಾಯಬಹುದು.

ನಿಜವಾಗಿ ಬೇಕಾದದ್ದು ದುಬಾರಿ ಯಂತ್ರವಲ್ಲ. ಒಂದು ಟಾರ್ಚ್, ಒಂದು ಭೂತಗನ್ನಡಿ, ಮೇಲ್ರೆಪ್ಪೆಯನ್ನು ಮಗುಚಿ ನೋಡಲು ಕಲಿತ ಬೆರಳು. ಅಮೆರಿಕದ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದ ವಲಸಿಗರ ರೆಪ್ಪೆಗಳನ್ನು ಗುಂಡಿ ಹಾಕುವ ಕೊಕ್ಕೆಯಿಂದ ಮಗುಚಿ ನೋಡುತ್ತಿದ್ದರು, ಟ್ರಕೋಮ ಕಂಡವರನ್ನು ವಾಪಸ್ ಕಳಿಸುತ್ತಿದ್ದರು. ಜನರನ್ನು ಹೊರಗಿಡಲು ಮಾಡಿದ್ದನ್ನು ನಾವು ಜನರ ಕಣ್ಣುಳಿಸಲು ಮಾಡಬಹುದು. ಕಣ್ಣಿನ ಪೊರೆ (ಕ್ಯಾಟರ್ಯಾಕ್ಟ್) ತೆಗೆಯುವ ಶಸ್ತ್ರಚಿಕಿತ್ಸೆಯ ಶಿಬಿರಗಳಲ್ಲೇ ಇದು ಆಗಲಿ. ರೆಪ್ಪೆಯ ಸೋಂಕು, ಒಳತಿರುಗಿದ ಕೂದಲು ಹಾಗೇ ಇದ್ದು ಪೊರೆ ತೆಗೆದರೆ ಒಳಗಣ್ಣಿಗೆ ಸೋಂಕು ಹತ್ತುವ ಭಯವಿರುತ್ತದೆ. ಮೊದಲು ರೆಪ್ಪೆ, ಆಮೇಲೆ ಪೊರೆ. ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. ಬಂಗಾರಪೇಟೆಯಿಂದ ರೈಲು ಹತ್ತಿದರೆ, 1896ರಲ್ಲಿ ಚಿಕ್ಕದಾಗಿ ಆರಂಭವಾದ ಬೆಂಗಳೂರಿನ ಮಿಂಟೋ ಆಸ್ಪತ್ರೆಯೂ ದೂರವಲ್ಲ.

ಅವಸರಕ್ಕೆ ಇನ್ನೊಂದು ಕಾರಣವಿದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಗುಡ್ಡಗಳು ಹಾಗೇ ಉಳಿದವು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಆ 13 ದಿಬ್ಬಗಳನ್ನು ಮತ್ತೆ ಬಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಊರಿಗೆ ಕೆಲಸ ಬರುವುದಾದರೆ ಬರಲಿ. ಆದರೆ ಮೊದಲ ಯಂತ್ರ ಗುಡ್ಡ ಮುಟ್ಟುವ ಮುನ್ನ ಅದರ ಬುಡದ ಲೈನ್‌ಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ, ಮುದುಕರ ಕಣ್ಣು ನೋಡಿ ದಾಖಲಿಸಿಡಬೇಕು. ಇಲ್ಲದಿದ್ದರೆ ನಾಳೆ ಯಾರ ಕಣ್ಣು ಕೆಟ್ಟರೂ, ಅದು ಮೊದಲಿನಿಂದಲೂ ಹಾಗೇ ಇತ್ತು ಎಂದುಬಿಡುವುದು ಗುತ್ತಿಗೆದಾರನಿಗೆ ಸುಲಭ.