ಸಿಯೆನಾದಲ್ಲಿ ಒಂದು ದಿನದ ಕಾಲ್ನಡಿಗೆ

ಇಟಲಿಗೆ ಯಾತ್ರೆ ಹೋಗುವ ನಮ್ಮವರು ರೋಮ್, ಅಸ್ಸಿಸಿ, ಪಾದುವಾಗಳನ್ನು ಸಂದರ್ಶಿಸಿ ಧನ್ಯರಾಗಿ ಮರಳುವುದು ವಾಡಿಕೆ. ಫ್ಲಾರೆನ್ಸಿನಿಂದ ಸುಮಾರು 70 ಕಿಲೋಮೀಟರು ದಕ್ಷಿಣದಲ್ಲಿರುವ ಸಿಯೆನಾ ಅನೇಕರ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಪಟ್ಟಿಯಲ್ಲಿಯೂ ಇರಲಿಲ್ಲ. ಪ್ರವಾಸದ ಕೊನೆಗೆ ಒಂದು ದಿನ ಉಳಿದಾಗ, ಮೂವತ್ತು ವರ್ಷ ದಾದಿಯಾಗಿ ದುಡಿದು ನಿವೃತ್ತರಾದ ನಮ್ಮ ಶ್ರೀಮತಿಯವರೇ ಆ ಹೆಸರನ್ನು ಎತ್ತಿದರು. "ರೋಗಿಗಳ ಸೇವೆ ಮಾಡಿದ ಸಂತ ಕ್ಯಾಥರೀನಮ್ಮನ ಊರು ಇಷ್ಟು ಹತ್ತಿರವಿರುವಾಗ ನೋಡದೆ ಹೋಗುವುದುಂಟೇ?" ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಬೆಳಿಗ್ಗೆ ಫ್ಲಾರೆನ್ಸಿನಿಂದ ಹೊರಟ ಬಸ್ಸು ನಮ್ಮನ್ನು ಹಳೆಯ ಪಟ್ಟಣದ ಅಂಚಿನಲ್ಲಿ ಇಳಿಸಿತು. ಅಲ್ಲಿಂದ ಮುಂದೆ ಕಾಲುಗಳೇ ಗತಿ. ಮೂರು ಗುಡ್ಡಗಳ ಬೆನ್ನಿನ ಮೇಲೆ ಹರಡಿರುವ ಈ ಪಟ್ಟಣದ ಬೀದಿಗಳು ಕಡಿದಾದ ಏರಿಳಿತಗಳಿಂದ ಕೂಡಿವೆ. ಶ್ರೀಮತಿಯವರಿಗೆ ಮೊಣಕಾಲು ನೋವು. ಸಂಜೆಯ ಬಸ್ಸಿಗೆ ಮರಳಲೇಬೇಕು. ಎಲ್ಲವನ್ನೂ ನೋಡುವುದು ಸಾಧ್ಯವಿಲ್ಲ, ಆರಿಸಿಕೊಳ್ಳಬೇಕು ಎಂಬುದು ಆಗಲೇ ಸ್ಪಷ್ಟವಾಯಿತು.

ಮೊದಲು ಸಿಕ್ಕಿದ್ದು ಸಂತ ದೊಮಿನಿಕರ ಮಹಾದೇವಾಲಯ. ಇಟ್ಟಿಗೆಯಿಂದ ಕಟ್ಟಿದ, ಆಡಂಬರವಿಲ್ಲದ ಬೃಹತ್ ಕಟ್ಟಡ. ಇದರ ಒಂದು ಪೀಠದಲ್ಲಿ ಸಂತ ಕ್ಯಾಥರೀನರ ಶಿರಸ್ಸಿನ ಪವಿತ್ರ ಅವಶೇಷವನ್ನು ಇರಿಸಲಾಗಿದೆ. ದೇಹದ ಉಳಿದ ಭಾಗವಿರುವುದು ಅವರು 1380ರಲ್ಲಿ ತೀರಿಕೊಂಡ ರೋಮ್ ನಗರದಲ್ಲಿ. ಆಗ ಅವರ ವಯಸ್ಸು ಕೇವಲ 33.

ಅಲ್ಲಿಂದ ಇಳಿಜಾರಿನ ಓಣಿಯಲ್ಲಿ ಸ್ವಲ್ಪ ದೂರ ನಡೆದರೆ ಅವರು ಹುಟ್ಟಿದ ಮನೆ. ಈಗ ಅದು ಪುಣ್ಯಕ್ಷೇತ್ರ. ತಂದೆ ಬಟ್ಟೆಗೆ ಬಣ್ಣ ಹಾಕುವ ಕಸುಬಿನವರು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಆ ಸಂಸಾರದಲ್ಲಿ ಕ್ಯಾಥರೀನ್ 1347ರಲ್ಲಿ ಜನಿಸಿದರು. ಕೆಳಗೆ ಫೊಂತೆಬ್ರಾಂದಾ ಎಂಬ ಹಳೆಯ ನೀರಿನ ತೊಟ್ಟಿ ಇಂದಿಗೂ ಇದೆ; ಬಣ್ಣಗಾರರಿಗೂ ಚರ್ಮ ಹದಮಾಡುವವರಿಗೂ ಅದರ ನೀರೇ ಆಧಾರವಾಗಿತ್ತು. ಶಾಲೆಯ ಮೆಟ್ಟಿಲು ಹತ್ತದ ಈ ಹೆಣ್ಣುಮಗಳು ಬರೆಯಿಸಿದ ಪತ್ರಗಳಲ್ಲಿ ಸುಮಾರು 380 ಇಂದಿಗೂ ಉಳಿದಿವೆ. ಅವಿನ್ಯೋನಿನಲ್ಲಿದ್ದ ಜಗದ್ಗುರು ಹನ್ನೊಂದನೆಯ ಗ್ರೆಗೊರಿಯವರನ್ನು 1376ರಲ್ಲಿ ಖುದ್ದಾಗಿ ಕಂಡು, ರೋಮಿಗೆ ಮರಳುವಂತೆ ಒತ್ತಾಯಿಸಿದವರೂ ಇವರೇ. 1970ರಲ್ಲಿ ಜಗದ್ಗುರು ಆರನೆಯ ಪೌಲರು ಇವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಮತ್ತೆ ಏರು ಹತ್ತಿ, ಏದುಸಿರು ಬಿಡುತ್ತಾ ಕಾಂಪೊ ಚೌಕವನ್ನು ತಲುಪಿದೆವು. ಚಿಪ್ಪಿನ ಆಕಾರದಲ್ಲಿ ಒಂದು ಕಡೆಗೆ ಇಳಿಯುವ ಈ ಇಟ್ಟಿಗೆಯ ಅಂಗಳವನ್ನು, ಹಿಂದೆ ಊರನ್ನಾಳಿದ ಒಂಬತ್ತು ಮಂದಿಯ ಆಡಳಿತದ ನೆನಪಿಗಾಗಿ ಒಂಬತ್ತು ಪಾಲುಗಳಾಗಿ ವಿಂಗಡಿಸಲಾಗಿದೆ. ಪ್ರತಿವರ್ಷ ಜುಲೈ 2ರಂದು ಮತ್ತು ಆಗಸ್ಟ್ 16ರಂದು ಮಾತೆ ಮರಿಯಮ್ಮನವರ ಗೌರವಾರ್ಥ ಇಲ್ಲಿ ಪಾಲಿಯೊ ಎಂಬ ಕುದುರೆ ಪಂದ್ಯ ನಡೆಯುತ್ತದೆ. ಊರಿನ 17 ಕೇರಿಗಳಲ್ಲಿ ಒಮ್ಮೆಗೆ 10 ಕೇರಿಗಳ ಕುದುರೆಗಳು ಓಡುತ್ತವೆ. ಗೆದ್ದ ಕೇರಿಗೆ ದೊರೆಯುವುದು ಹಣದ ಗಂಟಲ್ಲ, ಮಾತೆಯ ಚಿತ್ರವುಳ್ಳ ರೇಷ್ಮೆಯ ಪತಾಕೆ.

ಚೌಕದ ಬದಿಯಲ್ಲಿ ಮಾಂಜಾ ಗೋಪುರ ನಿಂತಿದೆ. ಮೇಲಕ್ಕೆ 400 ಮೆಟ್ಟಿಲು. ಅದರ ಬುಡದಲ್ಲಿರುವ ಅಮೃತಶಿಲೆಯ ಚಿಕ್ಕ ಪ್ರಾರ್ಥನಾಲಯವನ್ನು, ಪ್ಲೇಗಿನಿಂದ ಬದುಕುಳಿದವರು ಹರಕೆ ತೀರಿಸಲು 1352ರಲ್ಲಿ ಕಟ್ಟಲಾರಂಭಿಸಿದರು. ಆ ಪ್ಲೇಗಿನ ಕಥೆ ಊರಿನ ಪ್ರಧಾನ ದೇವಾಲಯದಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕಪ್ಪು ಬಿಳಿ ಅಮೃತಶಿಲೆಯ ಪಟ್ಟೆಗಳಿಂದ ಶೋಭಿಸುವ ಆ ದೇವಾಲಯವನ್ನು ಇನ್ನೂ ಹಿಗ್ಗಿಸಿ, ಕ್ರೈಸ್ತ ಜಗತ್ತಿನ ಅತಿ ದೊಡ್ಡ ಆಲಯಗಳಲ್ಲಿ ಒಂದನ್ನಾಗಿ ಮಾಡಲು ಸಿಯೆನಾದವರು 1339ರಲ್ಲಿ ಹೊರಟರು. ಇದ್ದ ಆಲಯವೇ ಹೊಸದರ ಅಡ್ಡ ತೋಳಾಗಬೇಕು, ಅಷ್ಟು ದೊಡ್ಡ ಯೋಜನೆ. ಗೋಡೆಗಳೆದ್ದವು, ಕಮಾನುಗಳೆದ್ದವು. 1348ರಲ್ಲಿ ಪ್ಲೇಗು ಬಂದಿತು. ತನ್ನ ಐದು ಮಕ್ಕಳನ್ನು ತನ್ನ ಕೈಯಿಂದಲೇ ಹೂಳಿದೆನೆಂದು ಅಂದಿನ ವೃತ್ತಾಂತಕಾರ ಆಞೋಲೊ ದಿ ತೂರಾ ಬರೆದಿಟ್ಟಿದ್ದಾನೆ. ಕೆಲಸ ನಿಂತಿತು, ಕಟ್ಟಡದಲ್ಲಿ ದೋಷಗಳೂ ಕಂಡುಬಂದು ಯೋಜನೆಯನ್ನೇ ಕೈಬಿಟ್ಟರು. ಮಾಡಿಲ್ಲದ ಆ ಕಮಾನುಗಳೂ ಒಂಟಿ ಗೋಡೆಯೂ ಇಂದಿಗೂ ಆಕಾಶಕ್ಕೆ ಮುಖಮಾಡಿ ನಿಂತಿವೆ. ಸಿಯೆನಾ ಆ ವೈಭವಕ್ಕೆ ಮತ್ತೆ ಮರಳಲಿಲ್ಲ.

ಹೊತ್ತು ಇಳಿಯುತ್ತಿತ್ತು. ಉಳಿದ ಸಮಯದಲ್ಲಿ ಗೋಪುರ ಹತ್ತಿ ಊರಿನ ಸೌಂದರ್ಯವನ್ನು ಸವಿಯುವುದೋ, ದೇವಾಲಯದ ಎದುರಿಗಿರುವ ಹಳೆಯ ಆಸ್ಪತ್ರೆಯನ್ನು ನೋಡುವುದೋ? ನಮಗೆ ಗೋಪುರದ ಆಸೆ. ಶ್ರೀಮತಿಯವರು ಮಾತಿಲ್ಲದೆ ಆಸ್ಪತ್ರೆಯತ್ತ ಹೆಜ್ಜೆ ಹಾಕಿದರು. ನಾವೂ ಹಿಂಬಾಲಿಸಿದೆವು.

ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಎಂಬುದು ಅದರ ಹೆಸರು. 'ಸ್ಕಾಲಾ' ಎಂದರೆ ಮೆಟ್ಟಿಲು. ದೇವಾಲಯದ ಮೆಟ್ಟಿಲುಗಳಿಗೆ ಎದುರಾಗಿರುವುದರಿಂದ ಈ ಹೆಸರು ಬಂದಿದೆ. ಯಾತ್ರಿಕರು, ಬಡವರು, ಅನಾಥ ಶಿಶುಗಳು, ರೋಗಿಗಳು ಎಲ್ಲರಿಗೂ ಇಲ್ಲಿ ಆಶ್ರಯ ದೊರೆಯುತ್ತಿತ್ತು. 20ನೇ ಶತಮಾನದ ಕೊನೆಯ ದಶಕಗಳವರೆಗೂ ಇದು ಆಸ್ಪತ್ರೆಯಾಗಿಯೇ ಇತ್ತು; ಈಗ ವಸ್ತುಸಂಗ್ರಹಾಲಯ. ಉದ್ದನೆಯ ಸಭಾಂಗಣದ ಗೋಡೆಗಳಲ್ಲಿ 1440ರ ದಶಕದ ಭಿತ್ತಿಚಿತ್ರಗಳಿವೆ. ಒಂದರಲ್ಲಿ ತೊಡೆಗೆ ಆಳವಾದ ಗಾಯವಾದ ಯುವಕನ ಕಾಲನ್ನು ಪರಿಚಾರಕನೊಬ್ಬ ತೊಳೆಯುತ್ತಿದ್ದಾನೆ; ಪಕ್ಕದಲ್ಲಿ ವೈದ್ಯರು ಗಾಜಿನ ಪಾತ್ರೆಯಲ್ಲಿ ರೋಗಿಯ ಮೂತ್ರವನ್ನು ಪರೀಕ್ಷಿಸುತ್ತಿದ್ದಾರೆ. ಶ್ರೀಮತಿಯವರು ಅದರ ಮುಂದೆ ಬಹಳ ಹೊತ್ತು ನಿಂತರು. "ನಾವೂ ಮಾಡಿದ್ದು ಇದನ್ನೇ ಅಲ್ಲವೇ?" ಎಂದಷ್ಟೇ ಹೇಳಿದರು. ಅವರ ಕಣ್ಣು ತೇವಗೊಂಡಿತ್ತು.

ಕೆಳಗೆ ಪುಟ್ಟದೊಂದು ಪ್ರಾರ್ಥನಾಲಯ. ಹಗಲಿರುಳು ರೋಗಿಗಳ ಆರೈಕೆ ಮಾಡಿದ ಸಂತ ಕ್ಯಾಥರೀನರು ರಾತ್ರಿ ಇಲ್ಲಿ ಅರೆಗಳಿಗೆ ವಿರಮಿಸುತ್ತಿದ್ದರೆಂಬುದು ಪರಂಪರೆ. 1374ರಲ್ಲಿ ಪ್ಲೇಗು ಮರುಕಳಿಸಿದಾಗ ಓಡಿಹೋಗದೆ ಪೀಡಿತರ ಪಕ್ಕದಲ್ಲಿ ಉಳಿದವರು ಅವರು.

ಹೊರಬಂದು ಮೆಟ್ಟಿಲ ಮೇಲೆ ಕುಳಿತಾಗ ನಮಗೆ ಒಂದು ಮಾತು ಹೊಳೆಯಿತು. ಒಂದು ಕಡೆ, ಜಗತ್ತೇ ಬೆರಗಾಗಲೆಂದು ಕಟ್ಟಹೊರಟು ಅರ್ಧಕ್ಕೆ ನಿಂತ ಆಲಯ. ಎದುರಿಗೆ, ಅದೇ ಪ್ಲೇಗನ್ನು ದಾಟಿ ಮತ್ತೂ ಆರು ಶತಮಾನಗಳ ಕಾಲ ರೋಗಿಗಳಿಗೆ ಬಾಗಿಲು ತೆರೆದಿಟ್ಟ ಮನೆ. ಸಿಯೆನಾದ ಹೆಸರನ್ನು ಲೋಕಕ್ಕೆಲ್ಲಾ ಸಾರಿದವರು ಬಣ್ಣಗಾರನ ಮಗಳು.

ಪ್ರಿಯ ಓದುಗರೇ, ನಮ್ಮ ಎಷ್ಟೋ ಕುಟುಂಬಗಳ ಹೆಣ್ಣುಮಕ್ಕಳು ಇಂದು ಊರಿನಲ್ಲಿಯೂ ಪರದೇಶಗಳಲ್ಲಿಯೂ ರಾತ್ರಿ ಪಾಳಿಯಲ್ಲಿ ರೋಗಿಗಳ ಹಾಸಿಗೆಯ ಬಳಿ ಎಚ್ಚರವಾಗಿರುತ್ತಾರೆ. ಅವರ ತಂದೆತಾಯಂದಿರು ಇಟಲಿಗೆ ಹೋಗುವ ಅವಕಾಶ ಬಂದರೆ ಒಂದು ದಿನವನ್ನು ಸಿಯೆನಾಕ್ಕೆ ಮೀಸಲಿಡಲಿ. ಗಟ್ಟಿ ಚಪ್ಪಲಿ, ಕುಡಿಯುವ ನೀರು, ದೇವಾಲಯ ಪ್ರವೇಶಕ್ಕೆ ಹೆಗಲು ಮುಚ್ಚುವ ಉಡುಪು ಜೊತೆಗಿರಲಿ. ಗೋಪುರ ತಪ್ಪಿದರೂ ಚಿಂತೆಯಿಲ್ಲ. ಆಸ್ಪತ್ರೆಯನ್ನು ಮಾತ್ರ ತಪ್ಪಿಸಬೇಡಿ.